ಬಾಲಿಗೆ ಟಿಕೆಟ್ ಆಗಿದೆ, ಜ್ವಾಲಾಮುಖಿ ಸಿಡಿದರೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು. ಜುಲೈನಲ್ಲಿ ಒಂದು ವಾರ ಬಾಲಿಗೆ ಹೋಗೋಕೆ ಟಿಕೆಟ್ ಮಾಡಿಸಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ, 68 ವರ್ಷದ ಅತ್ತೆ. ಮಗನಿಗೆ ಆಗಾಗ ವೀಸಿಂಗ್ ಬರುತ್ತೆ, ಇನ್‌ಹೇಲರ್ ಇದೆ. ಪ್ಯಾಕೇಜ್‌ನಲ್ಲಿ ಬಾತೂರ್ ಬೆಟ್ಟದ ಸೂರ್ಯೋದಯ ಟ್ರೆಕ್ ಸೇರಿದೆ. ಎಕ್ಸ್‌ಟ್ರಾ ದುಡ್ಡು ಕೊಟ್ಟರೆ ಈಜೆನ್ ಜ್ವಾಲಾಮುಖಿಗೆ ಕರ್ಕೊಂಡು ಹೋಗಿ ನೀಲಿ ಬೆಂಕಿ ತೋರಿಸ್ತಾರಂತೆ. ಈಗ ನನ್ನ ತಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದಾನೆ. ಬಾಲಿಯ ಆಗುಂಗ್ ಜ್ವಾಲಾಮುಖಿ ಯಾವಾಗ ಬೇಕಾದ್ರೂ ಸಿಡಿಯುತ್ತೆ, ಅಲ್ಲಿನ ಜ್ವಾಲಾಮುಖಿಗಳೆಲ್ಲ ಒಳಗೊಳಗೇ ಕನೆಕ್ಟ್ ಆಗಿವೆ, ಒಂದು ಸಿಡಿದ್ರೆ ಸಾಲಾಗಿ ಎಲ್ಲ ಸಿಡಿದು ದ್ವೀಪವೇ ಮುಳುಗುತ್ತೆ ಅಂತ. ಅತ್ತೆ ತುಂಬ ಹೆದರಿದ್ದಾರೆ. ನಮ್ಮ ಆಫೀಸಿನವರೊಬ್ಬರು ಬೂದಿಯಿಂದ ಫ್ಲೈಟ್ ಕ್ಯಾನ್ಸಲ್ ಆಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದು ಬೇರೆ ನೆನಪಿದೆ. ಈಗ ಬೇಡ ಅಂದ್ರೆ ಅರ್ಧ ದುಡ್ಡು ಹೋಗುತ್ತೆ. ಏನು ಮಾಡಲಿ? ಮಗ ಇನ್ನೊಂದು ಕೇಳ್ತಿದ್ದಾನೆ: ನಮ್ಮ ಚಾಮುಂಡಿ ಬೆಟ್ಟವೂ ಹೀಗೆ ಸಿಡಿಯಬಹುದಾ?

ಉತ್ತರ: ಪ್ರವಾಸ ಕ್ಯಾನ್ಸಲ್ ಮಾಡಬೇಡಿ. ಬಾಲಿಗೆ ಹೋಗಿ ಬನ್ನಿ. ಈಜೆನ್ ಮಾತ್ರ ಬೇಡ, ಮಗನನ್ನು ಕರೆದುಕೊಂಡಂತೂ ಬೇಡವೇ ಬೇಡ. ಬಾತೂರ್ ಟ್ರೆಕ್ ವಿಷಯ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಕಲಸಿಕೊಂಡಿವೆ. ದೊಡ್ಡದಾಗಿ ಸಿಡಿದು ಜೀವಕ್ಕೇ ಕುತ್ತು ಬಂದರೆ? ಮಗನ ಉಸಿರಾಟಕ್ಕೆ ತೊಂದರೆಯಾದರೆ? ವಿಮಾನ ನಿಂತು ಅಲ್ಲೇ ಉಳಿಯಬೇಕಾದರೆ? ವಿಡಿಯೊ ನೋಡಿದವರ ತಲೆಯಲ್ಲಿ ಮೊದಲನೆಯದೇ ಕೂತಿರುತ್ತದೆ. ಆದರೆ ಒಂದು ವಾರದ ಪ್ರವಾಸಿಗೆ ಅದರ ಸಂಭವ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ. ಮೂರನೆಯದು ನಿಜಕ್ಕೂ ಆಗಬಹುದು. ಎರಡನೆಯದು ನೀವು ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ವಿಡಿಯೊದ ಮಾತನ್ನು ಮೊದಲು ಮುಗಿಸೋಣ. ಇಂಡೋನೇಷ್ಯಾದಲ್ಲಿ 127 ಸಕ್ರಿಯ ಜ್ವಾಲಾಮುಖಿಗಳಿವೆ ಎಂದು ಅಲ್ಲಿನ ಸರ್ಕಾರದ ಲೆಕ್ಕ. ಅವೆಲ್ಲ ಒಂದೇ ಕಾರಣಕ್ಕೆ ಹುಟ್ಟಿದವು ನಿಜ. ಆದರೆ ಅವಕ್ಕೆಲ್ಲ ಸೇರಿ ಒಂದೇ ಪೈಪ್‌ಲೈನ್ ಇಲ್ಲ. ಪ್ರತಿಯೊಂದಕ್ಕೂ ತನ್ನದೇ ಶಿಲಾರಸದ, ಅಂದರೆ ಕರಗಿದ ಕಲ್ಲಿನ ಕೋಣೆ, ತನ್ನದೇ ದಾರಿ. ಫ್ಲೋರೆಸ್ ದ್ವೀಪದ ಲೆವೊತೊಬಿ ಲಾಕಿ-ಲಾಕಿ 2025ರ ಜುಲೈನಲ್ಲಿ 18 ಕಿಲೋಮೀಟರ್ ಎತ್ತರಕ್ಕೆ ಬೂದಿ ಉಗುಳಿತು. ವಿಡಿಯೊ ಹೇಳಿದ್ದು ನಿಜವಾಗಿದ್ದರೆ ಅವತ್ತೇ ಬಾಲಿಯ ಕಥೆ ಮುಗಿಯಬೇಕಿತ್ತು. ಆಗುಂಗ್ ಅಲುಗಾಡಲೂ ಇಲ್ಲ.

ಆದರೆ ಪೂರ್ತಿ ಸುಳ್ಳು ಅಂತಲೂ ತಳ್ಳಿಹಾಕುವ ಹಾಗಿಲ್ಲ. ಆಗುಂಗ್ ಮತ್ತು ಬಾತೂರ್ ಮಧ್ಯೆ ಇಪ್ಪತ್ತು ಕಿಲೋಮೀಟರ್ ದೂರವೂ ಇಲ್ಲ. 1963ರಲ್ಲಿ ಆಗುಂಗ್ ಸಿಡಿದ ವರ್ಷವೇ ಬಾತೂರ್ ಕೂಡ ಲಾವಾ ಸುರಿಸಿತು. 2017ರಲ್ಲಿ ಆಗುಂಗ್ ಕೆಳಗೆ ಭೂಕಂಪಗಳು ಶುರುವಾದಾಗ ಅವುಗಳಲ್ಲಿ ಬಹಳಷ್ಟು ಈ ಎರಡು ಬೆಟ್ಟಗಳ ನಡುವೆ ಆಗಿದ್ದವು. ಉಪಗ್ರಹದ ರಾಡಾರ್ ಅಳತೆಯಲ್ಲಿ ಆಗುಂಗ್‌ನ ಉತ್ತರ ಮಗ್ಗುಲು 8ರಿಂದ 10 ಸೆಂಟಿಮೀಟರ್ ಉಬ್ಬಿದ್ದು ಕಂಡಿತು. ಹಾಗಾಗಿ ಈ ಇಬ್ಬರು ನೆರೆಯವರ ನಡುವೆ ಒಳಗೆ ಏನೋ ಕೊಡುಕೊಳ್ಳುವಿಕೆ ಇರಬಹುದು ಎಂದು ಸಂಶೋಧಕರು ಹೇಳುತ್ತಾರೆ. ಇದು ಅಕ್ಕಪಕ್ಕದ ಎರಡು ಬೆಟ್ಟಗಳ ಮಾತು ಅಷ್ಟೇ. ಇಲ್ಲಿಂದ ದ್ವೀಪವೇ ಮುಳುಗುವವರೆಗೆ ಹೋಗುವುದು ವಿಡಿಯೊ ಮಾಡುವವರ ಕಸುಬು.

ಮುಳುಗುವ ಮಾತು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. 1883ರಲ್ಲಿ ಕ್ರಕಟೋವಾ ಸಿಡಿದಾಗ ಆ ದ್ವೀಪದ ಮೂರನೇ ಎರಡು ಭಾಗ ಕುಸಿದು ಸಮುದ್ರ ಸೇರಿತು. ಸುನಾಮಿ ಎದ್ದಿತು. ಸತ್ತವರು ಸುಮಾರು 36,000 ಜನ. ಆದರೆ ಕ್ರಕಟೋವಾ ಅಂದರೆ ಸಮುದ್ರದ ನಡುವೆ ತಲೆ ಎತ್ತಿದ್ದ ಒಂದು ಜ್ವಾಲಾಮುಖಿ, ಅಷ್ಟೇ. ಬಾಲಿ ಹಾಗಲ್ಲ. ಅದು ಲಕ್ಷಾಂತರ ಜನ ಬದುಕುವ ದೊಡ್ಡ ದ್ವೀಪ, ಜ್ವಾಲಾಮುಖಿಗಳು ಅದರ ಒಂದು ಭಾಗ. ಬಾಲಿಯಲ್ಲೂ ಕುಸಿತ ಆಗಿದೆ. ನೀವು ನೋಡಲಿರುವ ಬಾತೂರ್ ಸರೋವರ ಇರುವುದೇ ಅಂಥ ಕುಸಿತದ ಗುಂಡಿಯಲ್ಲಿ. ಆ ಗುಂಡಿ ಸುಮಾರು 13 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲ. ಅದನ್ನು ಮಾಡಿದ ಸ್ಫೋಟಗಳು ಆಗಿದ್ದು 29,000 ಮತ್ತು 20,000 ವರ್ಷಗಳ ಹಿಂದೆ. ಬಾಲಿ ಆಗಲೂ ಮುಳುಗಲಿಲ್ಲ.

ಈಗ ಜ್ವಾಲಾಮುಖಿ ಹುಟ್ಟುವುದು ಹೇಗೆ ಅಂತ ಸ್ವಲ್ಪ ಹೇಳಬೇಕು. ಭೂಮಿಯ ಒಳಗೆಲ್ಲ ಲಾವಾ ತುಂಬಿಕೊಂಡಿದೆ, ಎಲ್ಲಿ ತೂತಾದರೂ ಹೊರಗೆ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನಾವು ನಿಂತಿರುವ ಪದರದ ಕೆಳಗೆ ಇರುವುದು ಗಟ್ಟಿ ಕಲ್ಲೇ. ಸಾವಿರ ಡಿಗ್ರಿಗೂ ಮೀರಿ ಬಿಸಿಯಾಗಿದ್ದರೂ ಮೇಲಿನ ಭಾರಕ್ಕೆ ಅದು ಕರಗುವುದಿಲ್ಲ. ಕರಗಬೇಕಾದರೆ ಏನಾದರೂ ಕಾರಣ ಬೇಕು. ಬಾಲಿಯ ಕೆಳಗೆ ಆ ಕಾರಣ ನೀರು.

ಬಾಲಿಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ತಳ ವರ್ಷಕ್ಕೆ ಆರೇಳು ಸೆಂಟಿಮೀಟರ್‌ನಷ್ಟು ಉತ್ತರಕ್ಕೆ ಸರಿಯುತ್ತಾ ದ್ವೀಪಗಳ ಅಡಿಗೆ ನುಸುಳುತ್ತಿದೆ. ಕೋಟ್ಯಂತರ ವರ್ಷ ಸಮುದ್ರದ ಕೆಳಗೆ ಬಿದ್ದಿದ್ದ ಕಲ್ಲು ಅದು. ಅದರ ಖನಿಜಗಳಲ್ಲೇ ನೀರು ಸೇರಿಹೋಗಿದೆ. ನೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿಯುವ ಹೊತ್ತಿಗೆ ಬಿಸಿ ಮತ್ತು ಒತ್ತಡಕ್ಕೆ ಆ ನೀರು ಬಿಟ್ಟುಕೊಂಡು ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಕರಗಿದ ಕಲ್ಲು ಸುತ್ತಲಿನ ಕಲ್ಲಿಗಿಂತ ಹಗುರ, ಹಾಗಾಗಿ ಮೆಲ್ಲಗೆ ಮೇಲೇರುತ್ತದೆ. ಕೆಲವು ಕಿಲೋಮೀಟರ್ ಕೆಳಗೆ ತಂಗುತ್ತದೆ. ನೂರಾರು ವರ್ಷ ಅಲ್ಲೇ ಇರಬಹುದು. ಹೊರಗೆ ಬರದೆ ಅಲ್ಲೇ ತಣ್ಣಗಾಗಿಬಿಡುವುದೂ ಉಂಟು.

ಸಿಡಿಸುವುದು ಬೆಂಕಿಯಲ್ಲ, ಗ್ಯಾಸು. ಶಿಲಾರಸದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲ ಕರಗಿರುತ್ತವೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೇ ಇಲ್ಲೂ ಆಗುತ್ತದೆ. ಒತ್ತಡ ಇಳಿದ ಕೂಡಲೇ ಅಡಗಿದ್ದ ಗ್ಯಾಸು ಗುಳ್ಳೆಯಾಗಿ ಎದ್ದು ಬರುತ್ತದೆ. ಹವಾಯಿಯ ಶಿಲಾರಸ ತೆಳು, ಗ್ಯಾಸು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಲಾವಾ ಹರಿಯುತ್ತದೆ, ಜನ ದೂರದಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ಆಗುಂಗ್‌ನದು ಸಿಲಿಕಾ ಜಾಸ್ತಿ ಇರುವ ಅಂಟು ರಸ. ಗುಳ್ಳೆಗಳಿಗೆ ಹೊರಬರಲು ದಾರಿ ಇಲ್ಲ. ಕೊನೆಗೆ ರಸವೇ ಚೂರುಚೂರಾಗಿ ಬೂದಿಯಾಗಿ ಹಾರುತ್ತದೆ.

ನಿಮ್ಮ ಮಗನಿಗೆ ಉತ್ತರ ಇಲ್ಲೇ ಇದೆ. ಚಾಮುಂಡಿ ಬೆಟ್ಟ ಸಿಡಿಯುವುದಿಲ್ಲ. ಆ ಬೆಟ್ಟದ ಗ್ರಾನೈಟ್ ಒಂದು ಕಾಲದ ಶಿಲಾರಸವೇ. ಆದರೆ ಅದು ಹೊರಗೆ ಬರದೆ ನೆಲದಾಳದಲ್ಲೇ ತಣ್ಣಗಾಯಿತು, ಸುಮಾರು 80 ಕೋಟಿ ವರ್ಷಗಳ ಹಿಂದೆ. ಮೇಲಿನ ಪದರ ಸವೆದು ಹೋಗಿ ಇವತ್ತು ಬೆಟ್ಟವಾಗಿ ಕಾಣುತ್ತಿದೆ. ಕರ್ನಾಟಕದ ಕೆಳಗೆ ಯಾವ ಸಾಗರತಳವೂ ನುಸುಳುತ್ತಿಲ್ಲ, ಕರಗಿಸಲು ನೀರೂ ಇಲ್ಲ. ನಿಜವಾದ ಲಾವಾ ನೋಡಬೇಕು ಅಂದರೆ ಅವನನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಿ. ಸಾಲಾಗಿ ನಿಲ್ಲಿಸಿದಂತಿರುವ ಆ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದಲ್ಲಿ ಬಂದ ಲಾವಾ ತಣ್ಣಗಾಗಿ ಬಿರುಕು ಬಿಟ್ಟದ್ದು. ಬೀದರ್, ಕಲಬುರಗಿ, ವಿಜಯಪುರದ ಕಪ್ಪು ಕಲ್ಲು ಇನ್ನೂ ಈಚಿನದು, ಸುಮಾರು 6.6 ಕೋಟಿ ವರ್ಷ. ಭಾರತದಲ್ಲಿ ಈಗಲೂ ಉಗುಳುವ ಜ್ವಾಲಾಮುಖಿ ಒಂದೇ ಒಂದು, ಅಂಡಮಾನಿನ ಬ್ಯಾರನ್ ದ್ವೀಪ. ಅಲ್ಲಿ ಯಾರೂ ವಾಸವಿಲ್ಲ.

ಅಪಾಯದ ಮಾತಿಗೆ ಬರೋಣ. ಸಿನಿಮಾ ನೋಡಿ ನೋಡಿ ನಮಗೆ ಲಾವಾ ಅಂದರೆ ಭಯ. ಲಾವಾ ಮನೆ, ತೋಟ, ರಸ್ತೆ ಎಲ್ಲ ನುಂಗುತ್ತದೆ ನಿಜ. 1926ರಲ್ಲಿ ಬಾತೂರ್‌ನ ಲಾವಾ ಕೆಳಗಿದ್ದ ಊರನ್ನೇ ಮುಚ್ಚಿತು. ಊರಿನವರು ಮೇಲಿನ ದಿಣ್ಣೆಗೆ ಬಂದು ನೆಲೆಸಿದರು, ದೇವಸ್ಥಾನವನ್ನೂ ಅಲ್ಲೇ ಕಟ್ಟಿಕೊಂಡರು. ಆದರೆ ಸಾಮಾನ್ಯವಾಗಿ ಲಾವಾದ ಮುಂದೆ ಮನುಷ್ಯ ನಡೆದೇ ತಪ್ಪಿಸಿಕೊಳ್ಳಬಹುದು.

ತಪ್ಪಿಸಿಕೊಳ್ಳಲು ಆಗದಿರುವುದು ಸುಡುಮೋಡದಿಂದ. ಬೂದಿ, ಕಲ್ಲು, ಗ್ಯಾಸು ಸೇರಿ ನೂರಾರು ಡಿಗ್ರಿ ಬಿಸಿಯಲ್ಲಿ ಇಳಿಜಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ನುಗ್ಗುವ ಮೋಡ ಅದು. ಬೈಕ್‌ನಲ್ಲಿ ಓಡಿದರೂ ಆಗುವುದಿಲ್ಲ. ಎರಡನೆಯದು ಲಹಾರ್, ಅಂದರೆ ಮಳೆ ನೀರಿನ ಜೊತೆ ಬೂದಿ, ಬಂಡೆ ಸೇರಿ ಹಳ್ಳಗಳಲ್ಲಿ ಹರಿದು ಬರುವ ಕೆಸರು. ಬೆಟ್ಟ ಸಿಡಿದು ಎಷ್ಟೋ ತಿಂಗಳಾದ ಮೇಲೂ, ಬಿಸಿಲು ಬಿದ್ದ ಊರಿಗೂ ಅದು ಬರಬಹುದು, ಯಾಕೆಂದರೆ ಮಳೆ ಬಿದ್ದದ್ದು ಮೇಲೆ ಬೆಟ್ಟದಲ್ಲಿ. ಮೂರನೆಯದು ಕಣ್ಣಿಗೆ ಕಾಣದ ಗ್ಯಾಸು. 1979ರಲ್ಲಿ ಜಾವಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ನೂರಕ್ಕೂ ಹೆಚ್ಚು ಜನ ಲಾವಾ ನೋಡದೆಯೇ ಸತ್ತರು. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ತುಂಬಿಕೊಂಡಿತ್ತು. ಅವರು ಸ್ಫೋಟಕ್ಕೆ ಹೆದರಿ ಓಡಿ ಆ ತಗ್ಗಿನ ದಾರಿಗೇ ಬಂದಿದ್ದರು.

1963ರ ಮಾರ್ಚ್ 17ರಂದು ಆಗುಂಗ್ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸುಡುಮೋಡಕ್ಕೆ, ಆಮೇಲೆ ಲಹಾರ್‌ಗೆ. ಆಗ ಬೆಟ್ಟದ ಮಗ್ಗುಲಿನ ಬೆಸಾಕಿ ದೇವಸ್ಥಾನದಲ್ಲಿ ಏಕದಶರುದ್ರ ಎಂಬ, ನೂರು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಪೂಜೆ ನಡೆಯುತ್ತಿತ್ತು. ಬೆಟ್ಟ ಫೆಬ್ರವರಿ 18ರಿಂದಲೇ ಹೊಗೆಯುಗುಳುತ್ತಿತ್ತು. ಅಂದರೆ ಸುಮಾರು ಒಂದು ತಿಂಗಳ ಮುನ್ಸೂಚನೆ ಇತ್ತು. ಅದನ್ನು ಅಳೆದು ಓದಿ ಜನರನ್ನು ಎಬ್ಬಿಸುವ ವ್ಯವಸ್ಥೆ ಇರಲಿಲ್ಲ. ಲಾವಾ, ಸುಡುಮೋಡ ಎರಡೂ ಬೆಸಾಕಿಯ ಪಕ್ಕದಲ್ಲೇ ಹಾದುಹೋದವು, ದೇವಸ್ಥಾನ ಉಳಿಯಿತು. ಬಾಲಿಯವರು ಇದನ್ನು ದೈವಕೃಪೆ ಅನ್ನುತ್ತಾರೆ, ನಾನು ನೆಲದ ಇಳಿಜಾರು ಅನ್ನುತ್ತೇನೆ. ಜಗಳವಾಡುವ ವಿಷಯ ಅಲ್ಲ.

2017ಕ್ಕೆ ಬನ್ನಿ. ಸೆಪ್ಟೆಂಬರ್‌ನಲ್ಲಿ ಆಗುಂಗ್ ಕೆಳಗೆ ಭೂಕಂಪಗಳು ಹೆಚ್ಚಿ ದಿನಕ್ಕೆ ಸಾವಿರ ದಾಟಿದವು. ಬಾಂಡುಂಗ್‌ನ ಜ್ವಾಲಾಮುಖಿ ಕೇಂದ್ರದವರು 22ನೇ ತಾರೀಕು ಎಚ್ಚರಿಕೆಯನ್ನು ಅತಿ ಮೇಲಿನ ಹಂತಕ್ಕೆ ಏರಿಸಿದರು. ಸುಮಾರು 1,40,000 ಜನ ಮನೆ ಬಿಟ್ಟರು. ದಿನ ಕಳೆಯಿತು, ವಾರ ಕಳೆಯಿತು, ಬೆಟ್ಟ ಸುಮ್ಮನಿತ್ತು. ದನಕರು ಬಿಟ್ಟು ಬಂದವರು ಹಗಲು ಹೊತ್ತು ವಾಪಸ್ ಹೋಗಿ ಮೇವು ಹಾಕಿ ಬರುತ್ತಿದ್ದರು. ಸುಮ್ನೆ ಹೆದರಿಸಿದರು ಎಂದು ಬೈದವರೂ ಇದ್ದರು. ಅಕ್ಟೋಬರ್ ಕೊನೆಗೆ ಎಚ್ಚರಿಕೆ ಒಂದು ಹಂತ ಇಳಿಯಿತು. ನವೆಂಬರ್ 21ಕ್ಕೆ ಬೆಟ್ಟ ಹೊಗೆ ಬಿಟ್ಟಿತು, ಕೆಲವೇ ದಿನದಲ್ಲಿ ಬೂದಿ ಉಗುಳಿತು, ವಿಮಾನ ನಿಲ್ದಾಣ ಎರಡು-ಮೂರು ದಿನ ಮುಚ್ಚಿತು. ಈ ಸಲ ಸ್ಫೋಟಕ್ಕೆ ಯಾರೂ ಬಲಿಯಾಗಲಿಲ್ಲ. ಸ್ಫೋಟ 1963ರಷ್ಟು ದೊಡ್ಡದೂ ಆಗಿರಲಿಲ್ಲ, ಅದನ್ನೂ ಹೇಳಬೇಕು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ದೊಡ್ಡ ಸ್ಫೋಟಕ್ಕೆ ದೊಡ್ಡ ಪ್ರಮಾಣದ ಶಿಲಾರಸ ಮೇಲೆ ಬರಬೇಕು. ಅದು ಬರುವಾಗ ಕಲ್ಲು ಬಿರುಕು ಬಿಡುತ್ತದೆ, ನೆಲ ಉಬ್ಬುತ್ತದೆ, ಗ್ಯಾಸು ಬದಲಾಗುತ್ತದೆ. ಇವನ್ನೆಲ್ಲ ಈಗ ಅಳೆಯುತ್ತಾರೆ. ಯಾವ ದಿನ ಸಿಡಿಯುತ್ತದೆ ಅಂತ ಹೇಳಲಾರರು, ಆದರೆ ಬೆಟ್ಟ ಎಚ್ಚರಗೊಂಡಿದೆ ಅಂತ ಹೇಳಬಲ್ಲರು. ಜೊತೆಗೆ ದೂರ ನೋಡಿ. ಆಗುಂಗ್‌ನ ಕುಳಿಯಿಂದ ಉಬುದ್ ಮೂವತ್ತು ಕಿಲೋಮೀಟರ್‌ಗೂ ಜಾಸ್ತಿ, ಕೂಟಾ ಐವತ್ತಕ್ಕೂ ಜಾಸ್ತಿ. 2017ರಲ್ಲಿ ಖಾಲಿ ಮಾಡಿಸಿದ ಜಾಗ ಹತ್ತು-ಹನ್ನೆರಡು ಕಿಲೋಮೀಟರ್ ಒಳಗಿನದು. ಉಬುದ್‌ನ ಹೋಟೆಲಿನಲ್ಲಿ ಮಲಗಿರುವ ನಿಮ್ಮ ಅತ್ತೆಯವರನ್ನು ಸುಡುಮೋಡ ಬಂದು ಮುಟ್ಟುವುದಿಲ್ಲ.

ಪ್ರವಾಸಿಗರನ್ನು ಕೊಲ್ಲುವುದು ಸಣ್ಣ ಸ್ಫೋಟ. ಈ ಮಾತನ್ನು ಟೂರ್ ಕಂಪನಿಯವರು ಹೇಳುವುದಿಲ್ಲ, ವಿಡಿಯೊ ಮಾಡುವವರಿಗೆ ಇದು ಬೇಕಾಗಿಯೂ ಇಲ್ಲ.

2014ರ ಸೆಪ್ಟೆಂಬರ್ 27, ಶನಿವಾರ, ಜಪಾನಿನ ಒಂತಾಕೆ ಬೆಟ್ಟ. ಎಲೆ ಬಣ್ಣ ತಿರುಗುವ ಕಾಲ, ಒಳ್ಳೆಯ ಬಿಸಿಲು. ಮಧ್ಯಾಹ್ನ 12ಕ್ಕೆ ಎಂಟು ನಿಮಿಷ ಬಾಕಿ. ತುದಿಯಲ್ಲಿ ಜನ ಊಟದ ಡಬ್ಬಿ ಬಿಚ್ಚುವ ಹೊತ್ತು. ಎಚ್ಚರಿಕೆ ಹಂತ ಒಂದು, ಅಂದರೆ ಎಲ್ಲಕ್ಕಿಂತ ಕೆಳಗಿನದು. ಉಪಕರಣಗಳಲ್ಲಿ ನಡುಕ ಕಾಣಿಸಿಕೊಂಡಿದ್ದು ಸ್ಫೋಟಕ್ಕೆ 11 ನಿಮಿಷ ಮೊದಲು. ಅಷ್ಟರಲ್ಲಿ ಯಾರಿಗೆ ಹೇಳುವುದು, ಯಾರು ಇಳಿಯುವುದು? ಸತ್ತವರು, ಸಿಗದೇ ಹೋದವರು ಸೇರಿ 63 ಜನ. ಹೆಚ್ಚಿನವರು ಸತ್ತದ್ದು ಮೇಲಿಂದ ಬಿದ್ದ ಕಲ್ಲುಗಳ ಏಟಿಗೆ. ಜ್ವಾಲಾಮುಖಿಗಳ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಸ್ಫೋಟ.

ಯಾಕೆ ಹೀಗಾಗುತ್ತದೆ ಅಂದರೆ, ಇಲ್ಲಿ ಹೊಸ ಶಿಲಾರಸ ಮೇಲೆ ಬರಬೇಕಾಗಿಲ್ಲ. ಕುಳಿಯ ಕೆಳಗಿನ ಕಲ್ಲಿನ ಬಿರುಕುಗಳಲ್ಲಿ ನೀರು ಇರುತ್ತದೆ. ಕೆಳಗಿನ ಬಿಸಿಗೆ ಅದು ಕುದಿಯುವ ಮಟ್ಟ ದಾಟಿದರೂ ಒತ್ತಡಕ್ಕೆ ಸಿಕ್ಕಿ ನೀರಾಗಿಯೇ ಇರುತ್ತದೆ. ಮೇಲಿನ ಮುಚ್ಚಳ ಸ್ವಲ್ಪ ಬಿರಿದರೆ ಸಾಕು, ಒಂದೇ ಸಲಕ್ಕೆ ಆವಿ. ನೀರು ಆವಿಯಾದರೆ ಅದರ ಗಾತ್ರ ಸಾವಿರದ ಆರುನೂರು ಪಟ್ಟು ಆಗುತ್ತದೆ. ಇಂಥ ಆವಿಸ್ಫೋಟಕ್ಕೆ ತಿಂಗಳುಗಟ್ಟಲೆ ಮುನ್ಸೂಚನೆ ಇರುವುದಿಲ್ಲ. ಒಂದೆರಡು ಕಿಲೋಮೀಟರ್ ಆಚೆ ಇದ್ದವರಿಗೆ ಅದು ಫೋಟೊ. ಕುಳಿಯ ಅಂಚಿನಲ್ಲಿ ಇದ್ದವರಿಗೆ ಸಾವು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ಹೀಗೇ ಆಯಿತು. ಅಲ್ಲಿದ್ದ 47 ಜನರಲ್ಲಿ 22 ಜನ ಸತ್ತರು.

ಇಂಡೋನೇಷ್ಯಾದಲ್ಲೇ ನೋಡಿ. ಸುಮಾತ್ರಾದ ಮರಾಪಿ 2023ರ ಡಿಸೆಂಬರ್ 3ರಂದು ಸಿಡಿದಾಗ ಬೆಟ್ಟದ ಮೇಲೆ 75 ಚಾರಣಿಗರಿದ್ದರು, 24 ಜನ ಸತ್ತರು. ಎಚ್ಚರಿಕೆ ಹಂತ ಎರಡಿತ್ತು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಹೋಗಬೇಡಿ ಎಂದು ಜ್ವಾಲಾಮುಖಿ ಕೇಂದ್ರ ಹೇಳುತ್ತಲೇ ಇತ್ತು. ಅತ್ತ ಚಾರಣದ ಬುಕಿಂಗ್ ಕೂಡ ನಡೆಯುತ್ತಲೇ ಇತ್ತು. ಆದ್ದರಿಂದ ಟಿಕೆಟ್ ಕೊಡುತ್ತಿದ್ದಾರೆ ಅಂದರೆ ಸುರಕ್ಷಿತ ಅಂತ ಅರ್ಥ ಮಾಡಿಕೊಳ್ಳಬೇಡಿ.

ಈಗ ಬಾತೂರ್. 1,717 ಮೀಟರ್ ಎತ್ತರ. ಕತ್ತಲಲ್ಲಿ ಎರಡು ಗಂಟೆ ಹತ್ತಬೇಕು. ಕೊನೆಯ ಭಾಗದಲ್ಲಿ ಕಾಲಡಿಯ ಕಪ್ಪು ಪುಡಿಕಲ್ಲು ಜಾರುತ್ತದೆ, ಇಳಿಯುವಾಗ ಇನ್ನೂ ಜಾಸ್ತಿ. ಮೇಲೆ ಕಲ್ಲಿನ ಸಂದಿಗಳಿಂದ ಆವಿ ಬರುತ್ತಿರುತ್ತದೆ. ಗೈಡ್‌ಗಳು ಅದರಲ್ಲೇ ಕೋಳಿಮೊಟ್ಟೆ ಬೇಯಿಸಿ ಕೊಡುತ್ತಾರೆ. ನಾನೂ ತಿಂದಿದ್ದೇನೆ. ಮೊಟ್ಟೆ ಬೇಯುವಷ್ಟು ಬಿಸಿ ಅಂಗೈ ಆಳದಲ್ಲೇ ಇದೆ ಅನ್ನುವುದನ್ನು ತಿನ್ನುವಾಗ ಮರೆಯಬಾರದು. ಬಾತೂರ್ ಕೊನೆಯ ಸಲ ಉಗುಳಿದ್ದು 2000ನೇ ಇಸವಿಯಲ್ಲಿ. ಈಚಿನ ನೂರು ವರ್ಷಗಳಲ್ಲಿ ಅದರ ಸ್ಫೋಟಗಳು ಹೆಚ್ಚಾಗಿ ಸಣ್ಣವೇ, ಅದರ ರಸ ಆಗುಂಗ್‌ನದಕ್ಕಿಂತ ತೆಳು. ನನ್ನ ಲೆಕ್ಕದಲ್ಲಿ ಒಂದು ಬೆಳಗಿನ ಅಪಾಯ ಬಹಳ ಕಡಿಮೆ, ಸೊನ್ನೆಯಲ್ಲ. ಬಾಲಿಯಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಓಡಾಡುವುದು ಇದಕ್ಕಿಂತ ಅಪಾಯ ಅಂತ ನನಗೆ ಅನಿಸುತ್ತದೆ.

ಹಾಗಾಗಿ ನಿಮಗೂ ಯಜಮಾನರಿಗೂ ಆಸೆ ಇದ್ದರೆ ಹೋಗಿ, ಆದರೆ ಹಿಂದಿನ ಸಂಜೆ ಎಚ್ಚರಿಕೆ ಹಂತ ನೋಡಿಕೊಂಡು. ಇಂಡೋನೇಷ್ಯಾದಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತ: ನಾರ್ಮಲ್, ವಾಸ್ಪಾಡ, ಸಿಯಾಗ, ಆವಾಸ್. ಮ್ಯಾಗ್ಮಾ ಇಂಡೋನೇಷ್ಯಾ ಎಂಬ ಸರ್ಕಾರಿ ವೆಬ್‌ಸೈಟ್, ಆ್ಯಪ್ ಎರಡರಲ್ಲೂ ಪ್ರತಿ ಬೆಟ್ಟದ ಹಂತ, ಎಷ್ಟು ದೂರ ಇರಬೇಕು ಅನ್ನುವುದು ಸಿಗುತ್ತದೆ. ಬಾತೂರ್ ಮೊದಲ ಹಂತದಲ್ಲಿದ್ದರೆ ಹತ್ತಿ. ಎರಡಕ್ಕೆ ಏರಿದ್ದರೆ ದುಡ್ಡು ಹೋದರೂ ಬಿಡಿ, ಗೈಡ್ ಏನೇ ಹೇಳಲಿ. ಮೇಲೆ ಸೂರ್ಯೋದಯ ನೋಡಿ ಇಳಿದುಬಿಡಿ. ಕುಳಿಯ ಅಂಚಿನ ಸುತ್ತ ಒಂದು ರೌಂಡ್ ಹಾಕಿಸುತ್ತೇವೆ ಅಂದರೆ ಬೇಡ ಅನ್ನಿ. ಎಲ್ಲಿ ಎಷ್ಟು ಹೊತ್ತು ಇರುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ.

ಮಗ ಮತ್ತು ಅತ್ತೆಯವರಿಗೆ ನಾನು ಬೇರೆ ಸಲಹೆ ಕೊಡುತ್ತೇನೆ. ಮುಂಜಾನೆಯ ಚಳಿ, ಏರು ದಾರಿ, ಜೊತೆಗೆ ಪುಡಿಧೂಳು, ಇವು ವೀಸಿಂಗ್ ಇರುವ ಮಗುವಿಗೆ ಒಳ್ಳೆಯದಲ್ಲ. ಕಿಂತಾಮಣಿಯ ಪೆನೆಲೋಕನ್ ಹತ್ತಿರ ರಸ್ತೆ ಬದಿಯಲ್ಲೇ ನಿಂತರೆ ಇಡೀ ಗುಂಡಿ, ಸರೋವರ, ನಡುವೆ ಎದ್ದಿರುವ ಬಾತೂರ್, ಅದರ ಕಾಲಡಿ ಹರಿದು ಹೆಪ್ಪುಗಟ್ಟಿದ ಕಪ್ಪು ಲಾವಾ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಜ್ವಾಲಾಮುಖಿ ಅಂದರೇನು ಅಂತ ತಿಳಿಯಲು ತುದಿಗಿಂತ ಇದೇ ವಾಸಿ. ತುದಿಗೆ ಹೋದವರಿಗೆ ತಾವು ಯಾವುದರ ಮೇಲೆ ನಿಂತಿದ್ದೇವೆ ಅಂತ ಕಾಣುವುದೇ ಇಲ್ಲ.

ಈಜೆನ್ ಇರುವುದು ಬಾಲಿಯಲ್ಲಲ್ಲ, ಪೂರ್ವ ಜಾವಾದಲ್ಲಿ. ರಾತ್ರಿಯೇ ಹೊರಟು ಫೆರಿ ದಾಟಿ ಹೋಗಬೇಕು. ನೀಲಿ ಬೆಂಕಿ ಲಾವಾ ಅಲ್ಲ, ಕುಳಿಯಿಂದ ಬರುವ ಬಿಸಿ ಗಂಧಕದ ಅನಿಲ ಗಾಳಿ ತಗುಲಿ ಉರಿಯುವುದು. ಅದನ್ನು ಹತ್ತಿರದಿಂದ ನೋಡಬೇಕಾದರೆ ಕುಳಿಯೊಳಗೇ ಇಳಿಯಬೇಕು. ಪಕ್ಕದಲ್ಲಿರುವ ಹಸಿರು-ನೀಲಿ ಸರೋವರದ್ದು ನೀರಲ್ಲ ಅನ್ನಬೇಕು, ಅಷ್ಟು ಗಟ್ಟಿ ಆ್ಯಸಿಡ್. ಗಾಳಿ ತಿರುಗಿದರೆ ಗಂಧಕದ ಡೈಆಕ್ಸೈಡ್ ಮೋಡ ನೇರ ಮುಖಕ್ಕೇ ಬರುತ್ತದೆ. ಕಣ್ಣು ಉರಿದು, ಗಂಟಲು ಹಿಡಿದು, ದೊಡ್ಡವರಿಗೇ ಕೆಮ್ಮು ನಿಲ್ಲುವುದಿಲ್ಲ. 2018ರ ಮಾರ್ಚ್‌ನಲ್ಲಿ ಅಲ್ಲಿ ಗ್ಯಾಸು ಜಾಸ್ತಿಯಾಗಿ ಸುತ್ತಲಿನ ಸುಮಾರು 30 ಜನ ಆಸ್ಪತ್ರೆ ಸೇರಿದ್ದರು. ಆಸ್ತಮಾ ತರಹದ ತೊಂದರೆ ಇರುವವರ ಶ್ವಾಸನಾಳ ಈ ಅನಿಲಕ್ಕೆ ಬೇರೆಯವರಿಗಿಂತ ಬೇಗ ಬಿಗಿಯುತ್ತದೆ. ಮಾಸ್ಕ್ ಕೊಡುತ್ತೇವೆ ಅನ್ನುತ್ತಾರೆ. ಆ ಮಾಸ್ಕ್ ದೊಡ್ಡವರ ಮುಖದ ಅಳತೆಯದು, ಒಳಗಿನ ಫಿಲ್ಟರ್ ಯಾವಾಗ ಬದಲಿಸಿದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಎನ್95 ಧೂಳಿಗೆ ಆಗುತ್ತದೆ, ಗ್ಯಾಸಿಗೆ ಆಗುವುದಿಲ್ಲ.

ಇನ್ನು ಬೂದಿ. ಇದು ಏನನ್ನೋ ಸುಟ್ಟು ಉಳಿದದ್ದಲ್ಲ. ಪುಡಿಯಾದ ಕಲ್ಲು ಮತ್ತು ಗಾಜು. ನಮ್ಮ ಕೈಲೆನ್ಸಿನಲ್ಲಿ ಚೂಪು ಅಂಚುಗಳು, ಒಡೆದ ಗುಳ್ಳೆಗಳ ಬಾಗಿದ ಚೂರುಗಳು ಚೆನ್ನಾಗಿ ಕಾಣುತ್ತವೆ. ಬೆರಳ ಮಧ್ಯೆ ತಿಕ್ಕಿದರೆ ಕರಕರ ಅನ್ನುತ್ತದೆ. ನೀರಿಗೆ ಹಾಕಿದರೆ ಕರಗುವುದಿಲ್ಲ, ಕೆಸರಾಗಿ ಭಾರವಾಗುತ್ತದೆ. ಮಳೆ ಬಂದರೆ ಚಾವಣಿಗಳು ಕುಸಿಯುವುದು ಇದಕ್ಕೇ. ನೀವು ಇರುವ ಕಡೆ ಬೂದಿ ಬಿದ್ದರೆ ಓಡಾಡಬೇಡಿ. ಕೋಣೆಯೊಳಗೆ ಇರಿ, ಕಿಟಕಿ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ಇಡಿ, ಹೊರಗಿನ ಗಾಳಿ ಎಳೆಯುವ ಎ.ಸಿ. ಇದ್ದರೆ ಆರಿಸಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಕಣ್ಣು ಉಜ್ಜಬೇಡಿ, ತೊಳೆಯಿರಿ. ಕನ್ನಡಕದ ಗಾಜನ್ನೂ ಒರೆಸಬೇಡಿ, ಗೀರು ಬೀಳುತ್ತದೆ. ಹೊರಗೆ ಹೋಗಲೇಬೇಕಾದರೆ ಎನ್95. ಮಗುವಿನ ಮುಖಕ್ಕೆ ಸರಿಯಾಗಿ ಕೂರುವ ಅಳತೆಯದನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗಿ. ಹೊರಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ವೀಸಿಂಗ್ ಶುರುವಾದರೆ ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ, ಯಾವಾಗ ಆಸ್ಪತ್ರೆಗೆ ಹೋಗಬೇಕು ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ವಿಮಾನದ ಮಾತು ಕೊನೆಗೆ ಇಟ್ಟುಕೊಂಡಿದ್ದೆ, ಯಾಕೆಂದರೆ ನಿಮಗೆ ನಿಜವಾಗಿ ಆಗಬಹುದಾದದ್ದು ಇದೇ. ಜುಲೈನಲ್ಲಿ ಆ ಭಾಗದಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುತ್ತದೆ. ಸುಮಾರು 800 ಕಿಲೋಮೀಟರ್ ದೂರದ ಲೆವೊತೊಬಿ ಉಗುಳಿದರೂ ಬೂದಿ ಬಾಲಿಯ ಕಡೆಗೇ ತೇಲಿ ಬರಬಹುದು. ಕೆಳಗೆ ಒಂದು ಚೂರೂ ಬೂದಿ ಬಿದ್ದಿರುವುದಿಲ್ಲ, ಆಕಾಶ ನೀಲಿಯಾಗಿರುತ್ತದೆ, ಆದರೂ ವಿಮಾನ ಹಾರುವುದಿಲ್ಲ. 2024ರ ನವೆಂಬರ್‌ನಲ್ಲಿ ಹೀಗಾಯಿತು, 2025ರ ಜೂನ್, ಜುಲೈಗಳಲ್ಲಿ ಮತ್ತೆ ಆಯಿತು. ಆ ಜೂನ್‌ನಲ್ಲಿ ದೆಹಲಿಯಿಂದ ಬಾಲಿಗೆ ಹೊರಟಿದ್ದ ಒಂದು ವಿಮಾನ ನಡುದಾರಿಯಿಂದ ವಾಪಸ್ ಬಂತು.

ಜನ ಕೌಂಟರ್ ಮುಂದೆ ನಿಂತು ಕೂಗಾಡುತ್ತಾರೆ. ಕೂಗಾಡುವವರಿಗೆ 1982ರ ಜೂನ್ 24ರ ರಾತ್ರಿಯ ಕಥೆ ಹೇಳಬೇಕು. ಕ್ವಾಲಾಲಂಪುರದಿಂದ ಪರ್ತ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ಜಂಬೋ ಜೆಟ್ ಜಾವಾದ ಗಾಲುಂಗುಂಗ್ ಉಗುಳಿದ ಬೂದಿಯೊಳಗೆ ಸಿಕ್ಕಿತು. ನಾಲ್ಕೂ ಎಂಜಿನ್ ನಿಂತವು. ಜೆಟ್ ಎಂಜಿನ್ನಿನ ಬಿಸಿ ಬೂದಿಯ ಗಾಜು ಕರಗುವ ಬಿಸಿಗಿಂತ ಜಾಸ್ತಿ. ಕರಗಿದ ಗಾಜು ಒಳಗಿನ ಬ್ಲೇಡುಗಳಿಗೆ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ವಿಮಾನ ತೇಲುತ್ತಾ ಕೆಳಗಿಳಿದು ಬೂದಿ ದಾಟಿದ ಮೇಲೆ ಮೆತ್ತಿದ ಗಾಜು ತಣ್ಣಗಾಗಿ ಉದುರಿತು, ಎಂಜಿನ್ ಮತ್ತೆ ಹೊತ್ತಿಕೊಂಡವು. ಮುಂದಿನ ಗಾಜು ಬೂದಿ ಉಜ್ಜಿ ಮಬ್ಬಾಗಿತ್ತು, ಹೊರಗೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗೇ ಜಕಾರ್ತಾದಲ್ಲಿ ಇಳಿಸಿದರು. ವಿಮಾನದ ರಾಡಾರ್ ಮಳೆಮೋಡ ಹಿಡಿಯುತ್ತದೆ, ಒಣ ಬೂದಿಯನ್ನು ಹಿಡಿಯುವುದಿಲ್ಲ. ಅದಕ್ಕೇ ಈಗ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿರುವ ಕೇಂದ್ರ ಉಪಗ್ರಹದಿಂದ ನೋಡಿ ಇಂಡೋನೇಷ್ಯಾದ ಆಕಾಶಕ್ಕೆ ಬೂದಿ ಎಚ್ಚರಿಕೆ ಕೊಡುತ್ತದೆ.

ಟ್ರಾವೆಲ್ ಇನ್ಶೂರೆನ್ಸ್ ಇನ್ನೂ ತೆಗೆದುಕೊಂಡಿಲ್ಲದಿದ್ದರೆ ಈ ವಾರವೇ ತೆಗೆದುಕೊಳ್ಳಿ. ಬೆಟ್ಟ ಉಗುಳಲು ಶುರು ಮಾಡಿದ ಮೇಲೆ ತೆಗೆದುಕೊಂಡ ಪಾಲಿಸಿಗೆ ಸಾಮಾನ್ಯವಾಗಿ ಆ ಬೆಟ್ಟದ ಕ್ಲೇಮ್ ಕೊಡುವುದಿಲ್ಲ. ಪಾಲಿಸಿಯಲ್ಲಿ ನೈಸರ್ಗಿಕ ವಿಕೋಪದಿಂದ ವಿಮಾನ ತಡವಾದರೆ ಹೋಟೆಲ್ ಖರ್ಚು ಕೊಡುತ್ತಾರಾ ಅಂತ ಓದಿಕೊಳ್ಳಿ. ಏರ್‌ಲೈನ್‌ನವರು ಬೇರೆ ದಿನದ ಟಿಕೆಟ್ ಅಥವಾ ರೀಫಂಡ್ ಕೊಡಬಹುದು, ಹೆಚ್ಚುವರಿ ದಿನಗಳ ಹೋಟೆಲ್ ಬಿಲ್ ಬಹುತೇಕ ನಿಮ್ಮದೇ. ಟೂರ್‌ನವರ ಹತ್ತಿರ ಈಜೆನ್ ಬೇಡ ಅಂತ ಈಗಲೇ ಬರಹದಲ್ಲಿ ಹೇಳಿ. ಬಾತೂರ್ ಹಂತ ಏರಿದರೆ ಬದಲಿಗೆ ಏನು ಕೊಡುತ್ತಾರೆ ಅಂತಲೂ ಕೇಳಿ. ವಾಪಸ್ ಬಂದ ಮರುದಿನಕ್ಕೇ ಮಗನ ಪರೀಕ್ಷೆ, ಆಫೀಸಿನ ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳಬೇಡಿ, ಎರಡು-ಮೂರು ದಿನ ಸಡಿಲ ಬಿಡಿ. ಅತ್ತೆಯವರ ಮಾತ್ರೆ, ಮಗನ ಇನ್‌ಹೇಲರ್ ಎರಡೂ ಎರಡು ವಾರಕ್ಕಾಗುವಷ್ಟು ಇರಲಿ, ಕೈಚೀಲದಲ್ಲೇ ಇರಲಿ.